ಒಂದು ಚಮಚ ನೀರು

ನಮ್ಮ ಹಿತ್ತಲಲ್ಲಿ ಬಿಟ್ಟ ಒಂದು ಟೊಮೇಟೊ ಹಣ್ಣನ್ನು ಅಡುಗೆಮನೆಗೆ ಸಾಗಿಸಲು ಡಿಪೋದಿಂದ ಬಸ್ಸು ತರಿಸಬೇಕಾಯಿತು. ಐವತ್ತೆರಡು ಸೀಟುಗಳನ್ನೂ ಬಿಚ್ಚಿ ಕೆಳಗಿಟ್ಟ ಮೇಲೆ ಹಣ್ಣು ಹೇಗೋ ಒಳಗೆ ಕೂತಿತು, ತೊಟ್ಟು ಮಾತ್ರ ಕಿಟಕಿಯಿಂದ ಹೊರಗೆ ಚಾಚಿಕೊಂಡೇ ಇತ್ತು. ಬಸ್ಸು ಓಡಿಸಿದವನು ನಾನೇ. ಮೂವತ್ತು ವರ್ಷ ಬ್ರೇಕು ಮುಟ್ಟದೆ ಬಸ್ಸು ಓಡಿಸಿ ನಿವೃತ್ತನಾದ ನಾನು, ಹಿತ್ತಲಿನಿಂದ ಅಡುಗೆಮನೆಯವರೆಗಿನ ಆ ಹಾದಿಯಲ್ಲಿ ಮಾತ್ರ ಎರಡು ಸಲ ಬ್ರೇಕು ತುಳಿದೆ. ಹಣ್ಣು ಒಡೆದು ಬೀದಿಯವರೆಲ್ಲ ರಸದಲ್ಲಿ ಕೊಚ್ಚಿಕೊಂಡು ಹೋದಾರೆಂಬ ಭಯ.

ನೀವು ನಂಬುವುದಿಲ್ಲ. ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ. ನಾನು ಏನು ಹೇಳಿದರೂ ಹತ್ತರಿಂದ ಭಾಗಿಸಿ ತೆಗೆದುಕೊಳ್ಳುವುದು ನಮ್ಮ ಮನೆಯ ರೂಢಿ. ಮದುವೆಯಾದ ಹೊಸತರಲ್ಲಿ ಇದನ್ನು ಶುರು ಮಾಡಿದವಳು ನನ್ನ ಹೆಂಡತಿ. ಮಗ ಅದನ್ನು ಹಾಲಿನ ಜೊತೆಗೇ ಕುಡಿದ. ಸೊಸೆ ಬಂದ ವಾರಕ್ಕೇ ಕಲಿತಳು. ಈಗ ಹೈಸ್ಕೂಲಿಗೆ ಹೋಗುವ ಮೊಮ್ಮಗಳಿಗಂತೂ ಅದು ಉಸಿರಾಟದಷ್ಟೇ ಸಲೀಸು. ನೂರು ನಾಯಿ ಅಟ್ಟಿಸಿಕೊಂಡು ಬಂದವು ಎಂದರೆ ಊಟದ ಮೇಜಿನ ಆ ಕಡೆಯಿಂದ ತಲೆ ಎತ್ತದೆ "ಹತ್ತು" ಎನ್ನುತ್ತಾಳೆ. ಅವಳಮ್ಮ, ಅದರಲ್ಲಿ ಎಂಟು ಮಲಗಿದ್ದಿರಬೇಕು ಎಂದು ಸೇರಿಸುತ್ತಾಳೆ.

ಟೊಮೇಟೊ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ತವರಿನಿಂದ ತಂದದ್ದು ಎರಡೇ: ಒಂದು ಅವಳ ನಾಲಿಗೆ, ಇನ್ನೊಂದು ಆ ಬೀಜ. ಅವಳಮ್ಮನಿಗೆ ಅವಳಮ್ಮ ಕೊಟ್ಟ ಬೀಜವಂತೆ. ಅಂಗಡಿಯ ಟೊಮೇಟೊ ಹಾಗೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಗುಂಡಗೆ, ನುಣ್ಣಗೆ ಇರುವುದಿಲ್ಲ. ಪಕ್ಕೆ ಪಕ್ಕೆಯಾಗಿ, ಹೆಗಲಲ್ಲಿ ಹಸಿರು ಉಳಿಸಿಕೊಂಡು, ಕಪ್ಪಿಗೆ ತಿರುಗುವ ಕೆಂಪಿನಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟು, ಆಗತಾನೇ ಜಗಳ ಮುಗಿಸಿ ಬಂದವರ ಮುಖದಂತಿರುತ್ತದೆ. ಬಾಯಿಗಿಟ್ಟರೆ ಮಾತ್ರ ಮಾತು ನಿಲ್ಲುತ್ತದೆ. ನನ್ನದೂ ನಿಲ್ಲುತ್ತದೆ ಎಂದರೆ ರುಚಿ ಎಷ್ಟಿರಬೇಕು ನೀವೇ ಊಹಿಸಿ.

ಪ್ರತಿ ಸಲವೂ ಎಲ್ಲಕ್ಕಿಂತ ಚೆನ್ನಾಗಿರುವ ಹಣ್ಣಿಗೆ ಅವಳು ಕೆಂಪು ದಾರ ಕಟ್ಟುತ್ತಾಳೆ. ಅದು ಬೀಜಕ್ಕೆ, ಯಾರೂ ಮುಟ್ಟುವಂತಿಲ್ಲ. ಹಣ್ಣಾದ ಮೇಲೆ ತಿರುಳನ್ನು ಲೋಟದ ನೀರಿಗೆ ಹಾಕಿ, ನೊರೆಯೆದ್ದು ನಾತ ಹೊಡೆಯುವವರೆಗೆ ಬಿಟ್ಟು, ತೊಳೆದು, ನೆರಳಲ್ಲಿ ಒಣಗಿಸಿ, ಹಳೆಯ ಮಾತ್ರೆ ಡಬ್ಬಿಯಲ್ಲಿ ತುಂಬಿಡುತ್ತಾಳೆ. ಹೋದ ವರ್ಷ ಅವಳ ಹೊಟ್ಟೆಯ ಆಪರೇಷನ್ನಿನಿಂದಾಗಿ ಬಿತ್ತನೆ ತಪ್ಪಿತು. ಡಬ್ಬಿಯ ಮುಚ್ಚಳ ಸಡಿಲವಾಗಿ ಒಳಗೆ ಬೂಷ್ಟು ಹಿಡಿಯಿತು. ಆರಿಸಿ ಆರಿಸಿ ಉಳಿಸಿದ್ದು ಒಂದು ಚಿಟಿಕೆ. ಈ ವರ್ಷ ಕೈತಪ್ಪಿದರೆ ಮತ್ತೆಲ್ಲೂ ಸಿಗುವ ಬೀಜವಲ್ಲ ಅದು.

ಮಗ ವ್ಯಾನಿನವನು. ಅಂಗಡಿಗಳಿಂದ ಮಂಚ, ಬೀರು, ಫ್ರಿಜ್ಜುಗಳನ್ನು ಮನೆಮನೆಗೆ ಮುಟ್ಟಿಸುತ್ತಾನೆ. ವ್ಯಾನು ರಾತ್ರಿ ಬೀದಿಯಲ್ಲೇ ನಿಲ್ಲುತ್ತಿತ್ತು. ಯಾರೋ ಎರಡು ಸಲ ಪಕ್ಕದ ಕನ್ನಡಿ ಒಡೆದರು, ಒಂದು ಸಲ ಡೀಸೆಲ್ ಹೀರಿಕೊಂಡು ಹೋದರು. ಹಿತ್ತಲಿಗೆ ಸಿಮೆಂಟು ಹಾಸಿ, ಹಿಂದಿನ ಗೇಟು ಅಗಲ ಮಾಡಿ, ವ್ಯಾನನ್ನು ಒಳಗೆ ನಿಲ್ಲಿಸಬೇಕೆಂಬುದು ಅವನ ಯೋಚನೆ. ಯೋಚನೆಯಲ್ಲಿ ತಪ್ಪಿರಲಿಲ್ಲ, ಆ ವ್ಯಾನು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ. ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಂಡು ಒಳಗೆ ಕಳಿಸುವ ಕೆಲಸದಲ್ಲಿದ್ದಾಳೆ. ವ್ಯಾನು ಒಳಗೆ ಬಂದರೆ ಬಟ್ಟೆ ಒಣಹಾಕುವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ಅವಳು ಒಂದು ಸಲ ಕೇಳಿದಳು. ಯಾರೂ ಉತ್ತರ ಕೊಡದಿದ್ದಾಗ ಇನ್ನೊಂದು ಸಲ ಕೇಳಲಿಲ್ಲ.

ಇಷ್ಟರಲ್ಲಿ ನನ್ನ ಹೆಂಡತಿಯ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅವಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಹೆಂಡತಿ ಹೊರಡಬೇಕಾದದ್ದೂ ಬೀಜ ಹಾಕಬೇಕಾದದ್ದೂ ಒಂದೇ ವಾರಕ್ಕೆ ಬಂತು. ಬೆಳಿಗ್ಗೆ ತಿಂಡಿಗೆ ಕೂತಾಗ ಮಗ ಮಾತು ತೆಗೆದ.

"ಅಮ್ಮ, ನೀನು ಹೇಗೂ ಮೂರ್ನಾಲ್ಕು ತಿಂಗಳು ಇರಲ್ಲ. ಮೇಸ್ತ್ರಿ ಈಗ ಬಿಡುವಾಗಿದಾನೆ. ಮುಗಿಸಿಬಿಡೋಣ."

"ಮುಗಿಸು. ನನ್ನನ್ನೂ ಅದರ ಕೆಳಗೇ ಹಾಕಿ ಮುಗಿಸು."

"ಹಿಂಗಂದ್ರೆ ಹೆಂಗಮ್ಮ? ಅಂಗಡೀಲಿ ಬೇಕಾದಷ್ಟು ಟೊಮೇಟೊ ಸಿಗುತ್ತೆ."

"ಅಂಗಡೀಲಿ ಅಮ್ಮನೂ ಸಿಗ್ತಾಳಾ, ಒಂದ್ಸಲ ವಿಚಾರಿಸ್ಕೊಂಡು ಬಾ."

ಮೊಟ್ಟೆ ಆರಿತು, ಬ್ರೆಡ್ಡು ಗಟ್ಟಿಯಾಯಿತು. ತಟ್ಟೆ ಎತ್ತುವ ಹೊತ್ತಿಗೆ ಒಂದು ಒಪ್ಪಂದವಾಯಿತು. ಆ ಬೀಜ ಗಿಡವಾಗಿ ಹಣ್ಣು ಬಿಟ್ಟರೆ ಹಿತ್ತಲಲ್ಲಿ ಮನೆ ಕಡೆಯ ಅರ್ಧ ಅಮ್ಮನದು, ಗೇಟಿನ ಕಡೆಯ ಅರ್ಧ ವ್ಯಾನಿನದು. ಬಿಡದಿದ್ದರೆ ಪೂರ್ತಿ ಸಿಮೆಂಟು, ಮತ್ತೆ ಮಾತಿಲ್ಲ. ಯಾವುದೋ ಹಣ್ಣಾದರೆ ಲೆಕ್ಕಕ್ಕಿಲ್ಲ, ತನ್ನಮ್ಮನ ಹಣ್ಣೇ ಆಗಬೇಕು ಎಂದು ಷರತ್ತು ಬಿಗಿ ಮಾಡಿದವಳು ಅವಳೇ. ಅಲ್ಲಿಯವರೆಗೆ ಗಿಡ ನೋಡಿಕೊಳ್ಳುವವರು ಯಾರು ಎಂದು ಮಗ ಕೇಳಿದ. ನಾನು ಎದೆ ತಟ್ಟಿಕೊಂಡೆ. ಮೊಮ್ಮಗಳು ನಕ್ಕಳು. ಅವಳಜ್ಜಿ ನಗಲಿಲ್ಲ.

ಮರುದಿನ ಚೀಲ ಹೆಗಲಿಗೇರಿಸಿಕೊಂಡ ಮೇಲೆ ಅವಳು ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು. "ಮೊಟ್ಟೆ ಟ್ರೇಗೆ ಮಣ್ಣು ತುಂಬಿ, ಉಗುರು ಮುಳುಗೋಷ್ಟು ಆಳಕ್ಕೆ ಬೀಜ ಹಾಕಿ. ದಿನಾ ಬೆಳಿಗ್ಗೆ ಟ್ರೇಗೆ ಒಂದು ಚಮಚ ನೀರು. ಒಂದೇ ಚಮಚ. ಗೊತ್ತಾಯ್ತಾ?"

"ನನಗೆ ಹೇಳ್ತೀಯಾ?"

"ನಿಮಗೇ ಹೇಳ್ತಿರೋದು."

ಅವಳು ಹೋದ ಮೇಲೆ ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂತು. ನನ್ನ ಆಲೂಗಡ್ಡೆಯ ಪರಿಮಳಕ್ಕೆ ಬೀದಿಯ ಕೊನೆಯ ಮನೆಯವರೂ ಓಡಿ ಬಂದರು. ಕೈಯಲ್ಲಿ ನೀರಿನ ಬಕೆಟ್ಟಿತ್ತು, ಅದು ಬೇರೆ ಮಾತು. ಪಾತ್ರೆಯ ತಳ ಹೊತ್ತಿದೆ ಎಂದು ಸೊಸೆ ತೋರಿಸಿದಳು. ಹೊತ್ತಿಲ್ಲ, ಬಣ್ಣ ಬಂದಿದೆ ಎಂದೆ.

"ಸರಿ ಮಾವ. ಆ ಬಣ್ಣ ಉಜ್ಜೋರು ಯಾರು?"

ಉಜ್ಜಿದವನು ನಾನು. ಆ ಪಾತ್ರೆಯಲ್ಲಿ ಈಗಲೂ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು.

ಮೊಟ್ಟೆ ಟ್ರೇ ಅಡುಗೆಮನೆಯ ಕಿಟಕಿಯಲ್ಲಿ ಕೂತಿತು. ಊಟವಾದ ಮೇಲೆ ಹೆಂಡತಿಯ ಫೋನು ಬರುತ್ತಿತ್ತು. ಮೊಮ್ಮಗಳು ಅದನ್ನು ಸ್ಪೀಕರಿಗೆ ಹಾಕಿ ಉಪ್ಪಿನ ಡಬ್ಬಿಗೆ ಒರಗಿಸಿಡುವಳು. ಮೊದಲ ಮೊಳಕೆ ಕಂಡ ದಿನ ಹೆಂಡತಿ ಎಷ್ಟು ಎದ್ದವು ಎಂದು ಕೇಳಿದಳು.

"ಎಣಿಸೋಕಾಗ್ತಿಲ್ಲ ಕಣೇ. ನಲವತ್ತಿರಬಹುದು."

"ನಾಲ್ಕು," ಎಂದಳು ಮೊಮ್ಮಗಳು ಈ ಕಡೆಯಿಂದ.

"ನಾಲ್ಕಾ. ಸಾಕು," ಎಂದಳು ಅವಳಜ್ಜಿ ಆ ಕಡೆಯಿಂದ. "ನೀರು ಎಷ್ಟು ಹಾಕ್ತಿದೀರಿ?"

"ನೀನು ಹೇಳಿದಷ್ಟೇ."

ಆ ಕಡೆ ನಗು ಕೇಳಿಸಿತು. ಅಕ್ಕನಿಗೂ ಹೇಳಿರಬೇಕು, ಇನ್ನೊಂದು ನಗುವೂ ಸೇರಿಕೊಂಡಿತು.

ಕಿಟಕಿಯಲ್ಲಿ ಬಿಸಿಲು ಸಾಲದೆಂದು ನಾನು ಟ್ರೇಯನ್ನು ತಾರಸಿಗೆ ಸಾಗಿಸಿದೆ. ತಾರಸಿಯ ಏಣಿ ಹತ್ತಲು ಉಳಿದವರಿಗೆ ಪುರುಸೊತ್ತಿರಲಿಲ್ಲ. ಅಲ್ಲಿ ಸಸಿಗಳು ಬೆಳೆದ ವೇಗಕ್ಕೆ ಗಾಳಿ ಬೀಸಿ ಪಕ್ಕದ ಮನೆಯವರ ಬಟ್ಟೆ ಒಣಗಿತು. ಒಂದು ಸಂಜೆ ಗೊಬ್ಬರ ತರಲೆಂದು ನರ್ಸರಿಗೆ ಹೋಗಿ, ಚೀಲದ ಮೇಲೆ ಟವೆಲು ಮುಚ್ಚಿಕೊಂಡು ಬಂದೆ. ಗೊಬ್ಬರಕ್ಕೆ ಬಿಸಿಲು ತಾಗಬಾರದು. ಸಂಜೆಗೆಲ್ಲಿಯ ಬಿಸಿಲು ಎಂದು ಮೊಮ್ಮಗಳು ಕೇಳಿದಳು. ಹೋಮ್‌ವರ್ಕ್ ಆಯಿತಾ ಎಂದು ನಾನು ಕೇಳಿದೆ. ಮರುದಿನ ಬೆಳಗಾಗುವಷ್ಟರಲ್ಲಿ ಹಿತ್ತಲಲ್ಲಿ ಗೇಣುದ್ದದ ಸಸಿಗಳು ಸಾಲಾಗಿ ನಿಂತಿದ್ದವು.

ಸೊಸೆ ಬಟ್ಟೆ ಹರವುತ್ತ ಅವುಗಳನ್ನು ನೋಡಿದಳು.

"ಒಬ್ರೇ ಬೆಳೆಸಿದ್ರಾ ಮಾವ?"

"ಒಬ್ಬನೇ ಕಣಮ್ಮ."

"ಏಣಿ ಹತ್ರ ನರ್ಸರಿ ಪ್ಲಾಸ್ಟಿಕ್ಕು ಬಿದ್ದಿತ್ತು. ಎತ್ತಿ ಕಸಕ್ಕೆ ಹಾಕಿದೀನಿ."

"ಅದು ಗೊಬ್ಬರದ್ದು."

"ಹೌದಾ," ಎಂದು ಅವಳು ಇನ್ನೊಂದು ಟವೆಲನ್ನು ಜಾಡಿಸಿ ತಂತಿಗೆ ಹಾಕಿದಳು. ಆ ತಂತಿಯನ್ನು ಎರಡು ಸಲ ಎಳೆದು ನೋಡಿದಳು, ಗಟ್ಟಿಯಾಗಿದೆಯೋ ಎಂದು.

ಗಿಡಗಳು ಸೊಂಟದೆತ್ತರ ಬಂದವು. ಕೋಲು ನೆಟ್ಟು ಹಳೆಯ ಸೀರೆಯ ಅಂಚಿನಿಂದ ಕಟ್ಟಿದೆ. ಹೂವು ಬಂತು, ಕಾಯಿ ಕಚ್ಚಿತು. ಬೀದಿಯವರಿಗೆಲ್ಲ ನಾನು ಗೋಡೆಯ ಮೇಲಿಂದ ಕೃಷಿ ಪಾಠ ಹೇಳತೊಡಗಿದೆ. ಒಗೆಯುವ ಕಲ್ಲಿನ ಬುಡದಲ್ಲಿ, ಬಟ್ಟೆ ಜಾಲಿಸಿದ ನೀರು ಹರಿಯುವ ಕಡೆ, ಏನೋ ಒಂದು ಪೊದೆ ಎದ್ದಿತ್ತು. ಕಿತ್ತು ಬಿಸಾಡಲು ಹೋದರೆ ಸೊಸೆ, ಬಕೆಟ್ಟು ಇಡೋಕೇನೂ ಅಡ್ಡ ಇಲ್ಲ, ಬಿಡಿ ಮಾವ, ಎಂದಳು. ಬಿಟ್ಟೆ. ಮಹಾ ಕೃಷಿಕನಿಗೆ ಕಳೆ ಕೀಳುವುದು ಭೂಷಣವೂ ಅಲ್ಲ.

ಆ ನಡುವೆ ವ್ಯಾನಿನ ಕನ್ನಡಿ ಮೂರನೆಯ ಸಲ ಒಡೆಯಿತು. ಮಗ ಆ ರಾತ್ರಿ ಅನ್ನ ಕಲಸಿಕೊಂಡು ಕೂತೇ ಇದ್ದ, ತಿನ್ನಲಿಲ್ಲ. ಮೇಸ್ತ್ರಿ ಬೇರೆ ಕೆಲಸ ಹಿಡಿಯುತ್ತಾನಂತೆ, ಅರ್ಧವೋ ಪೂರ್ತಿಯೋ ನಾಳೆಯೇ ಹೇಳಬೇಕಂತೆ.

"ಅಪ್ಪ, ತಮಾಷೆ ಬಿಟ್ಟು ಹೇಳು. ಅದು ಅಮ್ಮನ ಬೀಜನೇ ತಾನೇ?"

"ಮೂವತ್ತು ವರ್ಷ ಹಿಡಿದ ಸ್ಟೀರಿಂಗಿನ ಮೇಲಾಣೆ."

ಅವನು ತಲೆ ಆಡಿಸಿ ಅನ್ನ ಬಾಯಿಗಿಟ್ಟ. ಮರುದಿನ ಹಿತ್ತಲ ನಡುವೆ ಗೂಟ ಹೊಡೆದು ದಾರ ಎಳೆದ. ಮೇಸ್ತ್ರಿಗೆ ಅರ್ಧವೇ ಎಂದು ಹೇಳಿ ಮುಂಗಡ ಕೊಟ್ಟ. ಹುಟ್ಟಿದಾಗಿನಿಂದ ನನ್ನ ಮಾತನ್ನು ಭಾಗಿಸಿಕೊಂಡು ಬಂದವನು ಅವತ್ತು ಭಾಗಿಸಲಿಲ್ಲ.

ಅಕ್ಕ ಕೋಲು ಹಿಡಿದು ಓಡಾಡುವಂತಾದ ಮೇಲೆ, ಒಂದು ಭಾನುವಾರ, ಹೆಂಡತಿ ಬಂದಳು. ಚೀಲ ಇಳಿಸಿದಳು, ನೀರು ಕುಡಿದಳು, ನೆಟ್ಟಗೆ ಹಿತ್ತಲಿಗೆ ಹೋದಳು. ಗಿಡಗಳ ಮೈತುಂಬ ಹಣ್ಣು. ನಾನು ಬಾಗಿಲಲ್ಲಿ ನಿಂತು ಹೊಗಳಿಕೆಗೆ ಜಾಗ ಬಿಟ್ಟುಕೊಂಡಿದ್ದೆ. ಅವಳು ಹಣ್ಣಿನ ಕಡೆ ನೋಡಲೇ ಇಲ್ಲ. ಒಂದು ಎಲೆ ಕಿತ್ತು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಅದನ್ನು ಹಿಡಿದುಕೊಂಡು ಒಳಗೆ ಬಂದು ಕೈ ತೊಳೆದಳು.

ಎಲ್ಲರೂ ಊಟಕ್ಕೆ ಕೂತ ಮೇಲೆ ಆ ಎಲೆಯನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದರ ಅಂಚು ನೋಡಿ. ಗರಗಸ ಇದ್ದ ಹಾಗಿದೆ. ನಮ್ಮಮ್ಮನ ಗಿಡದ ಎಲೆಗೆ ಹಲ್ಲಿರಲ್ಲ, ಆಲೂಗಡ್ಡೆ ಎಲೆ ಥರ ಸಪಾಟಾಗಿರುತ್ತೆ. ನಲವತ್ತು ವರ್ಷ ಅದೇ ಹಿತ್ತಲಲ್ಲಿ ಹಲ್ಲುಜ್ಜಿದೀರಿ, ಒಂದು ದಿನ ಎಲೆ ನೋಡಿಲ್ವಾ?"

ಮಣ್ಣು ಬದಲಾದರೆ ಎಲೆಯೂ ಬದಲಾಗುತ್ತದೆ ಎಂದೆ. ನೀರಿನ ಗುಣ ಎಂದೆ. ಮೂರನೆಯದು ಬಾಯಿಗೆ ಬರಲಿಲ್ಲ.

ಮಗ ಚಮಚ ಕೆಳಗಿಟ್ಟ. "ಸ್ಟೀರಿಂಗ್ ಮೇಲಾಣೆ ಅಂದೆಯಲ್ಲಪ್ಪ. ಕನ್ನಡಿ ಒಡೆಸ್ಕೊಂಡು ಕಾದೆ ನಾನು. ಸರಿ, ಪೂರ್ತಿ ಸಿಮೆಂಟು. ನಾಳೇನೇ."

ಹೆಂಡತಿ ಅವನನ್ನು ತಡೆಯಲಿಲ್ಲ. ಷರತ್ತು ಅವಳದೇ ಆಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಕೋಪದ ನೋಟವಾಗಿದ್ದರೆ ನಾನು ಹೇಗೋ ದಾಟಿಕೊಳ್ಳುತ್ತಿದ್ದೆ.

"ಬೀಜ ಏನಾಯ್ತು ರೀ?"

ಹೇಳಿದೆ. ನಾಲ್ಕು ಎದ್ದದ್ದು ನಿಜ. ವಾರದಲ್ಲಿ ನಾಲ್ಕೂ ಬಾಡಿ ದಾರದಂತಾದವು. ಉಳಿದವು ಏಳಲೇ ಇಲ್ಲ. ಯಾರಾದರೂ ನೋಡಿಯಾರೆಂದು ತಾರಸಿಗೆ ಒಯ್ದೆ. ಕೊನೆಗೆ ಟ್ರೇಯ ಮಣ್ಣನ್ನು ಚೆಲ್ಲಿ, ನರ್ಸರಿಯಿಂದ ಸಸಿ ತಂದು ನೆಟ್ಟೆ.

"ಕೊಡದಲ್ಲಿ ನೀರು ಸುರಿದಿರಬೇಕು," ಎಂದಳು ಅವಳು.

"ಇಲ್ಲ. ಒಂದು ಚಮಚ."

"ಸುಳ್ಳು ಸಾಕು ರೀ."

"ಇದೊಂದು ಸುಳ್ಳಲ್ಲ ಕಣೇ. ನಿಮ್ಮಮ್ಮನ ಬೀಜ, ಇದ್ದದ್ದೇ ಒಂದು ಚಿಟಿಕೆ. ಹೆದರಿಕೆಯಾಯ್ತು. ದಿನಾ ಬೆಳಿಗ್ಗೆ ಅಳೆದು ಒಂದೇ ಚಮಚ ಹಾಕಿದೆ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಮೊಮ್ಮಗಳು ಅಜ್ಜಿಯ ಮುಖ, ನನ್ನ ಮುಖ ನೋಡಿದಳು. ಎಲ್ಲರಿಗಿಂತ ಮೊದಲು ಲೆಕ್ಕ ಹೊಳೆದದ್ದು ಅವಳಿಗೇ.

"ಅಜ್ಜಿ, ನೀನು ಭಾಗಿಸಿ ಹೇಳಿದ್ಯಾ?"

"ಮತ್ತಿನ್ನೇನು ಮಾಡ್ಲಿ?" ಎಂದಳು ಅವಳು ನಿಧಾನವಾಗಿ. "ಒಂದು ಅಂದ್ರೆ ಹತ್ತು ಹಾಕ್ತಾರೆ ಅಂತ ಒಂದು ಅಂದೆ. ಹತ್ತು ಬೇಕಾಗಿತ್ತು. ಆ ರಟ್ಟಿನ ಟ್ರೇ ಕುಡಿಯೋಕೇ ಒಂದು ಚಮಚ ಸಾಲಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಸೊಸೆ ಎದ್ದು ಅದನ್ನು ತಿರುಗಿಸಿ ನಿಲ್ಲಿಸಿ, ಅಲ್ಲಿಂದಲೇ ಕೇಳಿದಳು.

"ಮಾವ, ಟ್ರೇ ಮಣ್ಣು ಎಲ್ಲಿ ಚೆಲ್ಲಿದ್ರಿ?"

"ಒಗೆಯೋ ಕಲ್ಲಿನ ಹತ್ರ."

"ಹಾಗಾದ್ರೆ ಎಲ್ಲರೂ ಬನ್ನಿ."

ಎಂಜಲು ಕೈಯಲ್ಲೇ ಹೋದೆವು. ಕಲ್ಲಿನ ಬುಡದ ಆ ಪೊದೆಯನ್ನು ಸೊಸೆ ಸರಿಸಿ ಹಿಡಿದಳು. ಎಲೆ ಸಪಾಟಾಗಿತ್ತು. ಬಾಯಾರಿ ಮಣ್ಣಲ್ಲಿ ಮಲಗಿದ್ದ ಯಾವುದೋ ಒಂದು ಬೀಜ ಬಟ್ಟೆ ಜಾಲಿಸಿದ ನೀರು ಕುಡಿದು ಎದ್ದಿತ್ತು. ಒಳಗೆ, ಕಲ್ಲಿಗೆ ಒರಗಿಕೊಂಡು, ಒಂದು ಹಣ್ಣಿತ್ತು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಅವಳ ಗಂಡ ಕೇಳಿದ.

"ಎಲೆ ಬೇರೆ ಥರ ಇದೆ ಅಂತ ಅನುಮಾನ ಇತ್ತು, ಅಷ್ಟೇ. ಹೇಳಿದ್ರೆ ಆ ಸಾಲಿನ ಗಿಡಗಳ ವಿಷಯನೂ ಹೇಳಬೇಕಾಗ್ತಿತ್ತು. ಆಮೇಲೆ ನನ್ನ ತಂತಿ ನೀವು ಉಳಿಸ್ತಿದ್ರಾ?"

ಮಗ ಕುಕ್ಕರುಗಾಲಲ್ಲಿ ಕೂತು, ಅವನಮ್ಮ ಮಾಡಿದ ಹಾಗೆಯೇ ಎಲೆಯ ಅಂಚಿಗೆ ಹೆಬ್ಬೆರಳು ಆಡಿಸಿದ.

"ಇದು ಅಜ್ಜಿದೇನಾ ಅಮ್ಮ?"

ಅವಳು ಹೂಂ ಎಂದಳು. ಬೇರೇನೂ ಕೇಳಲಿಲ್ಲ. ಒಗೆಯುವ ಕಲ್ಲು ಇದ್ದದ್ದು ದಾರದ ಆಚೆ, ವ್ಯಾನಿನ ಪಾಲಿನಲ್ಲಿ. ಅವನು ಸ್ವಲ್ಪ ಹೊತ್ತು ಆ ದಾರವನ್ನೇ ನೋಡಿದ. ಆಮೇಲೆ ಎದ್ದು ಗೂಟ ಅಲ್ಲಾಡಿಸಿ ಕಿತ್ತು, ಕಲ್ಲಿನ ಆಚೆಗೆ ಹೊಡೆದ. ವ್ಯಾನಿನ ಹಿಂಭಾಗ ಗೇಟಿನಿಂದ ಮೊಳದಷ್ಟು ಹೊರಗಿರುತ್ತೆ, ಮೂತಿ ಒಳಗಿಟ್ಟು ನಿಲ್ಲಿಸಿದರೆ ಕನ್ನಡಿ ಉಳಿಯುತ್ತೆ, ಸಾಕು, ಎಂದ. ನನ್ನ ಕಡೆ ನೋಡದೆಯೇ ಎಂದ.

ಸಂಜೆ ಕೆಂಪು ದಾರ ಕಟ್ಟುತ್ತ ಹೆಂಡತಿ ನನಗೆ ಕೇಳಿಸುವಂತೆ ಹೇಳಿದಳು: "ಬೀಜ ಒಣಗಿದ್ದರಲ್ಲಿ ನನಗೂ ಪಾಲಿದೆ. ಸುಳ್ಳು ಹೇಳಿದ್ದು ಪೂರ್ತಿ ನಿಮ್ಮದು." ಆ ಮೇಲೆ ಒಂದು ವಾರ ಅವಳು ನನ್ನ ಜೊತೆ ಮೊಮ್ಮಗಳ ಮೂಲಕವೇ ಮಾತಾಡಿದಳು. ತಾತನಿಗೆ ಅನ್ನ ಬೇಕಾ ಕೇಳು. ತಾತನಿಗೆ ಸೋಪು ಮುಗಿದಿದೆ ಅಂತ ಹೇಳು. ಮಗ ಅಷ್ಟೂ ಇಲ್ಲ.

ಸಿಮೆಂಟು ಬಂತು, ಗೇಟು ಅಗಲವಾಯಿತು. ಸೊಸೆ ತಂತಿಯ ಒಂದು ತುದಿಯನ್ನು ವ್ಯಾನಿನ ಕ್ಯಾರಿಯರಿಗೇ ಬಿಗಿದಳು. ಒಂದು ಬೆಳಿಗ್ಗೆ ಮಗ ಅದನ್ನು ಮರೆತು, ನಾಲ್ಕು ಟವೆಲನ್ನೂ ನನ್ನ ಒಂದು ಬನಿಯನ್ನನ್ನೂ ಎಳೆದುಕೊಂಡು ಪೇಟೆಗೆ ಹೋದ. ಹಿಂದಿರುಗಿ ಬಂದು ಬನಿಯನ್ನನ್ನು ನನ್ನ ಕೈಗೆ ಕೊಟ್ಟು, "ನಿನ್ನ ಬಾವುಟ ತಗೋ" ಎಂದ. ಆಣೆ ಸುಳ್ಳೆಂದು ಬಯಲಾದ ಆ ಭಾನುವಾರದ ನಂತರ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆ ಹಣ್ಣಿಗೆ ಬಸ್ಸು ಬೇಕಾಗಲಿಲ್ಲ. ಅದು ನನ್ನ ಅಂಗೈಯಲ್ಲಿ ಕೂತು ಇನ್ನೂ ಜಾಗ ಉಳಿಯುತ್ತಿತ್ತು. ಒಂದು ಪಕ್ಕವನ್ನು ಇರುವೆ ತಿಂದಿತ್ತು. ಅದನ್ನು ಬೆಳೆಸಿದ್ದರಲ್ಲಿ ನನ್ನ ಪಾಲು, ಬೀಜವನ್ನು ಬಿಸಾಡಿದ್ದು. ತಿರುಳೆಲ್ಲ ಬೀಜಕ್ಕೆ ಹೋಯಿತು. ಉಳಿದ ಸಿಪ್ಪೆಯ ಕಡೆಯ ಭಾಗವನ್ನು ಹೆಂಡತಿ ಐದು ಚೂರು ಮಾಡಿದಳು. ಐದನೆಯದು ನನಗೆ ಬರುತ್ತದೋ ಇಲ್ಲವೋ ಎಂದು ಕಾದೆ. ಬಂತು.

ನೊರೆಯೆದ್ದು, ನಾತ ಹೊಡೆದು, ತೊಳೆದು ಒಣಗಿದ ಬೀಜದಲ್ಲಿ ಕೆಲವನ್ನು ಅವಳು ಆಗಲೇ ಬಿತ್ತುವುದೆಂದಳು. ಮೊಟ್ಟೆ ಟ್ರೇ ತಂದು ನನ್ನ ಮುಂದಿಟ್ಟಳು.

"ದಿನಾ ಒಂದು ಸಣ್ಣ ಲೋಟ. ಭಾಗಿಸಿ ಹೇಳಿಲ್ಲ."

ಕೆಲವು ದಿನಗಳಾದ ಮೇಲೆ ಅವಳು ಒಲೆಯ ಮುಂದಿನಿಂದಲೇ ಎಷ್ಟು ಎದ್ದಿವೆ ಎಂದು ಕೂಗಿ ಕೇಳಿದಳು. ನಾನು ಕಿಟಕಿಯ ಹತ್ತಿರವೇ ಇದ್ದೆ.

"ಮೂರು," ಎಂದೆ.

"ಸೊನ್ನೆ ಪಾಯಿಂಟ್ ಮೂರು," ಎಂದಳು ಮೊಮ್ಮಗಳು ಪುಸ್ತಕದಿಂದ ತಲೆ ಎತ್ತದೆ.

ಹೆಂಡತಿ ಕೈ ಒರೆಸಿಕೊಂಡು ಬಂದಳು. ಕನ್ನಡಕ ಹಾಕಿಕೊಂಡು ಟ್ರೇಯ ಮೇಲೆ ಬಗ್ಗಿದಳು. ಬೆರಳು ಒಂದೊಂದೇ ಗುಳಿಯ ಮೇಲೆ ಹೋಗಿ, ಮೂಲೆಯ ಒಂದು ಗುಳಿಯಲ್ಲಿ ನಿಂತಿತು.

"ನಾಲ್ಕಿದೆಯಲ್ರೀ."

ಸಿಕ್ಕಿಬಿದ್ದೆ. "ಅದು ಇನ್ನೂ ಸರಿಯಾಗಿ ತಲೆ ಎತ್ತಿಲ್ಲ ಕಣೇ," ಎಂದೆ. "ಉಳೀಲಿ, ಆಮೇಲೆ ಹೇಳೋಣ ಅಂತ ಇದ್ದೆ."